ಅಕ್ಕಿ ಸುರುಳಿ ಆರಿಹೋದ ಬೆಳಿಗ್ಗೆ

ದೊಡ್ಡಬಳ್ಳಾಪುರದಿಂದ ಘಾಟಿ ಸುಬ್ರಹ್ಮಣ್ಯಕ್ಕೆ ಹೋಗುವ ರಸ್ತೆಯಲ್ಲಿ, ಊರು ಮುಗಿಯುವ ಕಡೆ, ಬಟ್ಟೆ ಕಾರ್ಖಾನೆಯೊಂದು ತನ್ನ ಅತಿಥಿಗಳಿಗಾಗಿ ಒಂದು ಮಹಡಿ ಮನೆಯನ್ನು ಬಾಡಿಗೆಗೆ ಹಿಡಿದಿತ್ತು. ಅಲ್ಲಿ ನಾನು ಮೂರು ವರ್ಷ ಅಡುಗೆ ಮಾಡಿದೆ. ಅದಕ್ಕೆ ಮುಂಚೆ ಇಪ್ಪತ್ತು ವರ್ಷ ನಮ್ಮ ಮನೆಯ ಮಗ್ಗಗಳ ನಡುವೆಯೇ ಕಳೆದಿದ್ದೆ. ಪವರ್‌ಲೂಮ್ ಸದ್ದಿಗೆ ನನ್ನ ಕಿವಿ ಅರ್ಧ ಮಂದವಾಗಿದೆ. ಯಾರಾದರೂ ಮೆಲ್ಲಗೆ ಮಾತಾಡಿದರೆ ತುಟಿ ನೋಡಬೇಕು. ಈ ವಿಷಯ ಯಾಕೆ ಹೇಳುತ್ತಿದ್ದೇನೆ ಎಂದರೆ, ಆ ಬೆಳಿಗ್ಗೆ ನಾನು ಕೇಳಿಸಿಕೊಂಡದ್ದು ನಿಜವೋ ಭ್ರಮೆಯೋ ಎಂಬುದರ ಮೇಲೆ ಒಬ್ಬರ ಜೀವ ನಿಂತಿತ್ತು.

ದೀಪಾವಳಿ ಕಳೆದ ಮೇಲೆ ಚೀನಾದಿಂದ ಮೂವರು ಬಂದರು. ಕಾರ್ಖಾನೆಗೆ ಹೊಸದಾಗಿ ತರಿಸಿದ ಕಸೂತಿ ಯಂತ್ರಗಳನ್ನು ಜೋಡಿಸಿ, ಇಲ್ಲಿನವರಿಗೆ ಕಲಿಸಿಕೊಡುವುದು ಅವರ ಕೆಲಸ. ಇಬ್ಬರು ಗಂಡಸರು ಮಹಡಿಯ ಮೇಲೆ ಉಳಿದುಕೊಂಡರು. ಅವರ ಮುಖ್ಯಸ್ಥೆ, ಸುಮಾರು ಐವತ್ತು ವರ್ಷದ ಹೆಂಗಸು, ಕೆಳಗಡೆ ಅಡುಗೆಮನೆಯ ಪಕ್ಕದ ಕೋಣೆಯಲ್ಲಿ. ಆಕೆ ಗುವಾಂಗ್‌ಝೌ ಎಂಬ ಊರಿನ ಕಡೆಯವರು. ಸಣ್ಣ ಆಳು, ಕತ್ತರಿಸಿದ ಕೂದಲು, ನಡಿಗೆ ಮಾತ್ರ ಬಹಳ ಬಿರುಸು.

ಗಂಡಸರಿಬ್ಬರೂ ಏನು ಕೊಟ್ಟರೂ ತಿನ್ನುತ್ತಿದ್ದರು. ಒಂದು ದಿನ ಮುದ್ದೆ ಕೊಟ್ಟರೆ ಅದನ್ನೂ ಅಗಿದು ಅಗಿದು ನುಂಗಿದರು. ಆಕೆ ಮಾತ್ರ ನನ್ನ ಉಪ್ಪಿಟ್ಟು, ಚಿತ್ರಾನ್ನ, ಪೊಂಗಲ್ ಯಾವುದನ್ನೂ ಮುಟ್ಟಲಿಲ್ಲ. ಒಂದು ವಾರ ಬಾಳೆಹಣ್ಣು, ಬಿಸ್ಕತ್ತಿನಲ್ಲೇ ಕಳೆದರು. ಮುಟ್ಟದ ತಟ್ಟೆಯನ್ನು ವಾಪಸ್ಸು ಒಯ್ಯುವಾಗ ನನಗೆ ಮುಖಕ್ಕೆ ಹೊಡೆದ ಹಾಗಾಗುತ್ತಿತ್ತು.

ಎಂಟನೆಯ ದಿನ ಆಕೆಯೇ ಅಡುಗೆಮನೆಗೆ ಬಂದು ಫೋನಿನಲ್ಲಿ ಒಂದು ವಿಡಿಯೋ ತೋರಿಸಿದರು. ಬೀದಿ ಬದಿಯ ಅಂಗಡಿ. ಒಬ್ಬ ಹೆಂಗಸು ಚೌಕದ ತಟ್ಟೆಗೆ ನೀರಾದ ಅಕ್ಕಿ ಹಿಟ್ಟು ಸುರಿದು, ಹಬೆಯ ಪೆಟ್ಟಿಗೆಗೆ ತಳ್ಳುತ್ತಾಳೆ. ಎರಡು ನಿಮಿಷಕ್ಕೆ ತೆಗೆದರೆ ತೆಳ್ಳಗಿನ, ಆಚೆ ಕಾಣುವಷ್ಟು ತೆಳ್ಳಗಿನ ಬಿಳಿ ಹಾಳೆ. ಅದನ್ನು ಕೆರೆದು, ಸುರುಳಿ ಸುತ್ತಿ, ತುಂಡು ಮಾಡಿ, ಮೇಲೆ ಕಪ್ಪನೆಯ ಸಾಸ್ ಸುರಿಯುತ್ತಾಳೆ. ಕೆಲಸಕ್ಕೆ ಹೊರಟ ಜನ ನಿಂತಲ್ಲೇ ತಿನ್ನುತ್ತಾರೆ.

"ಅಯ್ಯೋ, ಇದು ನಮ್ಮ ಹಬೆ ಹಪ್ಪಳ ಅಲ್ವಾ!" ಎಂದುಬಿಟ್ಟೆ.

ಚಿಕ್ಕವಳಿದ್ದಾಗ ಬೇಸಿಗೆಯಲ್ಲಿ ನಮ್ಮಮ್ಮ ತಟ್ಟೆಗಳಿಗೆ ಅಕ್ಕಿ ಹಿಟ್ಟು ಹಚ್ಚಿ, ಹಬೆಯಲ್ಲಿ ಬೇಯಿಸಿ, ಸುಲಿದು, ಮಾಳಿಗೆಯ ಮೇಲೆ ಒಣಗಲು ಹಾಕುತ್ತಿದ್ದಳು. ಒಣಗುವ ಮೊದಲೇ ನಾವು ಹಸಿ ಹಪ್ಪಳವನ್ನು ಎಣ್ಣೆ, ಖಾರದ ಪುಡಿ ಸವರಿ ನುಂಗಿ ಬೈಸಿಕೊಳ್ಳುತ್ತಿದ್ದೆವು. ಸಾವಿರಾರು ಮೈಲಿ ಆಚೆಯ ಊರಿನಲ್ಲಿ ಅದೇ ಹಸಿ ಹಪ್ಪಳ ದಿನದಿನದ ತಿಂಡಿ ಎಂದು ತಿಳಿದಾಗ ಈ ಹೆಂಗಸಿನ ಮೇಲಿದ್ದ ನನ್ನ ಸಿಟ್ಟು ಮೊದಲ ಸಲ ಇಳಿಯಿತು.

ಅದಕ್ಕೆ ಚೆಂಗ್ ಫನ್ ಎಂದು ಹೆಸರು. ನನ್ನ ನಾಲಿಗೆಗೆ ಹೊರಳಿದ್ದು ಅಷ್ಟು. ಪಾತ್ರೆ ಅಂಗಡಿಯಿಂದ ಅಂಚಿರುವ ಚೌಕದ ಸ್ಟೀಲ್ ತಟ್ಟೆ ತಂದೆ. ಹಳೆ ಸೋನಾ ಮಸೂರಿ ನೆನೆಸಿ ನುಣ್ಣಗೆ ರುಬ್ಬಿ, ಸ್ವಲ್ಪ ಕಾರ್ನ್‌ಫ್ಲೋರ್ ಬೆರೆಸಿ, ನೀರ್ ದೋಸೆಯ ಹಿಟ್ಟಿಗಿಂತ ತೆಳ್ಳಗೆ ಮಾಡಿದರೂ ಮೊದಲ ದಿನ ಎಲ್ಲವೂ ಹರಿದವು. ಆಕೆ ನನ್ನ ಕೈ ಹಿಡಿದು, ದೋಸೆ ಮಗುಚುವ ಕೈಯನ್ನು ಎಷ್ಟು ಓರೆ ಹಿಡಿಯಬೇಕೆಂದು ತೋರಿಸಿದರು. ಮೂರನೆಯ ದಿನಕ್ಕೆ ಹಾಳೆ ಇಡಿಯಾಗಿ ಎದ್ದಿತು. ಒಳಗೆ ಮೊಟ್ಟೆ, ಈರುಳ್ಳಿ ಹೂವು. ಮೇಲೆ ಆಕೆ ಊರಿಂದಲೇ ತಂದಿದ್ದ ಸೋಯಾ ಸಾಸಿಗೆ ಚೂರು ಸಕ್ಕರೆ ಹಾಕಿ ಕುದಿಸಿದ್ದು.

ಅಂದಿನಿಂದ ದಿನಾ ಅದೇ. ಏಳು ಗಂಟೆಗೆ ಆಕೆ ತಲೆ ಒರೆಸಿಕೊಳ್ಳುತ್ತಾ ಬಂದು ಕೂರುವುದು, ನಾನು ಹಬೆಯಿಂದ ತೆಗೆದು ಸುತ್ತಿ ಮುಂದಿಡುವುದು. ಅಕ್ಕಿ ಸುರುಳಿ ಕಾಯುವ ಪದಾರ್ಥವಲ್ಲ. ಬಿಸಿ ಇದ್ದಾಗ ರೇಷ್ಮೆ, ಆರಿದರೆ ರಬ್ಬರು. ಅದು ಆಕೆಗೂ ಗೊತ್ತಿತ್ತು, ಹಾಗಾಗಿ ಒಂದು ದಿನವೂ ಎರಡು ನಿಮಿಷ ತಡ ಮಾಡಿದವರಲ್ಲ. ನಮ್ಮಿಬ್ಬರ ನಡುವೆ ಭಾಷೆ ಇರಲಿಲ್ಲ. ಕಾರ್ಖಾನೆಯ ಕಾರು ಓಡಿಸುತ್ತಿದ್ದ ಭಾಯ್ ನನ್ನನ್ನು ಕರೆಯುವುದು ಕೇಳಿ ಆಕೆಯೂ "ಅಕ್ಕ" ಎನ್ನಲು ಕಲಿತಿದ್ದರು. ನಾನು "ಮೇಡಮ್" ಎನ್ನುತ್ತಿದ್ದೆ. ಬೇಕಾದಾಗ ಫೋನು ಅನುವಾದ ಮಾಡಿ ಹೇಳುತ್ತಿತ್ತು.

ಡಿಸೆಂಬರಿನಲ್ಲಿ ಆಕೆಯ ಬಚ್ಚಲಿನ ಕರೆಂಟ್ ಗೀಸರ್ ಕೆಟ್ಟಿತು. ಮನೆಯ ಉಸ್ತುವಾರಿ ನೋಡಿಕೊಳ್ಳುತ್ತಿದ್ದ ಮ್ಯಾನೇಜರು, "ಸದ್ಯಕ್ಕೆ ಇರಲಿ" ಎಂದು ಎಲ್ಲಿಂದಲೋ ಒಂದು ಗ್ಯಾಸ್ ಗೀಸರ್ ತರಿಸಿ ಬಚ್ಚಲಿನ ಒಳಗೇ ಹಾಕಿಸಿದರು. ಆತ ನನಗಿಂತ ಹತ್ತು ವರ್ಷ ಚಿಕ್ಕವರು, ಕೆಟ್ಟವರಲ್ಲ. ಮೇಲಿನವರು ಬೈಯದ ಹಾಗೆ ದಿನ ತಳ್ಳುವುದು ಅವರ ಸ್ವಭಾವ.

ಮಾರನೆಯ ಸಂಜೆ ಆಕೆ ನನ್ನನ್ನು ಬಚ್ಚಲಿಗೆ ಕರೆದು ಮೇಲಿನ ವೆಂಟಿಲೇಟರ್ ತೋರಿಸಿದರು. ಗಾಜಿನ ಪಟ್ಟಿಗಳ ಸಂದಿನಿಂದ ಚಳಿಗಾಳಿ ನುಗ್ಗುತ್ತಿತ್ತು. ಎರಡೂ ತೋಳು ಉಜ್ಜಿಕೊಂಡು ನಡುಗಿದ ಹಾಗೆ ಮಾಡಿದರು. ನನಗೆ ಅರ್ಥವಾಯಿತು. ಅಂಗಡಿಯಿಂದ ಬಂದ ರಟ್ಟಿನ ಪೆಟ್ಟಿಗೆ ಕತ್ತರಿಸಿ, ಸ್ಟೂಲ್ ಹತ್ತಿ, ಒಳಗಡೆಯಿಂದ ಆ ಕಿಂಡಿಗೆ ಒತ್ತಿ ನಾಲ್ಕೂ ಕಡೆ ಅಗಲದ ಟೇಪು ಅಂಟಿಸಿದೆ. ಒಂದು ಚೂರೂ ಗಾಳಿ ಬರದ ಹಾಗೆ. ಆಕೆ ಕೈ ಚಾಚಿ ಪರೀಕ್ಷಿಸಿ ಹೆಬ್ಬೆರಳು ಎತ್ತಿದರು. ನನಗೂ ಒಂದು ಕೆಲಸ ಅಚ್ಚುಕಟ್ಟಾಗಿ ಮಾಡಿದ ಖುಷಿ.

ಮರುದಿನ ಬೆಳಿಗ್ಗೆ ಏಳು ಗಂಟೆಗೆ ನಾನು ಸುರುಳಿ ಸುತ್ತಿ ತಟ್ಟೆಗಿಟ್ಟೆ. ಆಕೆ ಬರಲಿಲ್ಲ.

ಏಳೂ ಐದು. ತಟ್ಟೆಯ ಮೇಲೆ ಇನ್ನೊಂದು ತಟ್ಟೆ ಮುಚ್ಚಿದೆ. ಏಳೂ ಹತ್ತು. ತೆಗೆದು ಮುಟ್ಟಿ ನೋಡಿದರೆ ಅಂಚು ಬಿಗಿಯಾಗಿತ್ತು. ಮಹಡಿಯವರಿಬ್ಬರೂ ಬೆಳಗಿನ ಪಾಳಿಗೆಂದು ಆರಕ್ಕೇ ಹೋಗಿದ್ದರು. ಭಾಯ್ ಅವರನ್ನು ಬಿಟ್ಟು ಬಂದು, ಮೇಡಮ್‌ಗಾಗಿ ಕಾಯುತ್ತಾ ಹೊರಗೆ ಕಾರು ಒರೆಸುತ್ತಿದ್ದರು.

ಆಕೆಯ ಕೋಣೆಯ ಬಾಗಿಲು ಬಡಿದೆ. ಉತ್ತರವಿಲ್ಲ. ಮತ್ತೆ ಬಡಿದೆ. ಒಳಗೆ ಎಲ್ಲೋ ನೀರು ಬೀಳುವ ಸದ್ದು ಕೇಳಿದಂತಾಯಿತು, ಆದರೆ ನನ್ನ ಕಿವಿಯನ್ನು ನಾನೇ ನಂಬುವುದಿಲ್ಲ. ಬಚ್ಚಲಿನ ಪೈಪು ಅಡುಗೆಮನೆಯ ಗೋಡೆಯ ಮೇಲೇ ಹಾದು ಹೋಗಿತ್ತು. ಹೋಗಿ ಅದರ ಮೇಲೆ ಅಂಗೈ ಇಟ್ಟೆ. ಮಗ್ಗ ಸರಿಯಾಗಿ ಓಡುತ್ತಿದೆಯೋ ಇಲ್ಲವೋ ಎಂದು ನಾವು ಚೌಕಟ್ಟಿನ ಮೇಲೆ ಕೈ ಇಟ್ಟೇ ತಿಳಿಯುವುದು. ಪೈಪು ಸಣ್ಣಗೆ ಅದುರುತ್ತಿತ್ತು. ನೀರು ಹರಿಯುತ್ತಿತ್ತು. ಐದು ನಿಮಿಷ ಬಿಟ್ಟು ಇಟ್ಟರೂ ಹರಿಯುತ್ತಿತ್ತು. ಒಂದು ಬಕೆಟ್ಟಿನಲ್ಲಿ ಸ್ನಾನ ಮುಗಿಸುವ ಹೆಂಗಸು ಆಕೆ.

ಮ್ಯಾನೇಜರು ಮುಂದಿನ ಕೋಣೆಯಲ್ಲಿ ಫೋನು ನೋಡುತ್ತಾ ಕೂತಿದ್ದರು.

"ಸಾರ್, ಮೇಡಮ್ ಬಾಗ್ಲು ತೆಗೀತಿಲ್ಲ. ನೀರು ಸುಮ್ನೆ ಹರೀತಾ ಇದೆ. ಕೀ ಕೊಡಿ ಸಾರ್."

"ಏನಮ್ಮಾ, ಲೇಡೀಸ್ ಸ್ನಾನ ಮಾಡ್ತಿದ್ರೆ ಕೀ ಹಾಕ್ಕೊಂಡು ನುಗ್ತೀಯಾ? ಆಮೇಲೆ ಕಂಪ್ಲೇಂಟ್ ಆದ್ರೆ ನನ್ ತಲೆಗೆ ಬರುತ್ತೆ. ಲೇಟಾಗಿ ಎದ್ದಿರ್ತಾರೆ, ಬಿಡು."

"ಅವ್ರು ಒಂದಿನಾನೂ ತಡ ಮಾಡಿಲ್ಲ ಸಾರ್. ತಿಂಡಿ ಆರೋಗಿದೆ."

"ತಿಂಡಿ ಆರೋಗಿದ್ದಕ್ಕೆ ಬಾಗ್ಲು ಒಡೀಬೇಕಾ?"

ಆ ಮಾತಿಗೆ ಅವರೇ ಸಣ್ಣಗೆ ನಕ್ಕರು. ನಾನು ಅಲ್ಲೇ ನಿಂತೆ. ಅವರು ಹೇಳುವುದರಲ್ಲಿ ತಪ್ಪೂ ಇರಲಿಲ್ಲ. ಒಳಗೆ ಆಕೆ ನೆಮ್ಮದಿಯಾಗಿ ತಲೆ ತೊಳೆದುಕೊಳ್ಳುತ್ತಿದ್ದರೆ? ಒಬ್ಬ ಅಡುಗೆಯವಳು ಬಾಗಿಲು ತೆಗೆದು ಒಳಗೆ ನುಗ್ಗಿದಳು ಎಂದರೆ ನನ್ನ ಕೆಲಸ ಅವತ್ತೇ ಮುಗಿಯಿತು. ಗೋಡೆಯ ಗಡಿಯಾರದಲ್ಲಿ ಏಳೂ ಇಪ್ಪತ್ತಾಗಿತ್ತು. ಅವರ ತಲೆಯ ಹಿಂದೆ ಮೊಳೆಗೆ ಕೀಗಳು ನೇತಾಡುತ್ತಿದ್ದವು. ಯೋಚಿಸಿ ಮಾಡಿದ್ದಲ್ಲ. ಕೈ ಚಾಚಿ ಕಿತ್ತುಕೊಂಡು ಓಡಿದೆ. ಅವರು "ಏಯ್, ಏನಮ್ಮಾ ಇದು!" ಎಂದು ಕೂಗುತ್ತಾ ಹಿಂದೆಯೇ ಬಂದರು.

ಕೋಣೆಯಲ್ಲಿ ಯಾರೂ ಇಲ್ಲ. ಮಂಚದ ಮೇಲೆ ಕಾರ್ಖಾನೆಯ ಬಟ್ಟೆ ಮಡಚಿ ಇಟ್ಟಿತ್ತು. ಬಚ್ಚಲಿನ ಬಾಗಿಲು ಒಳಗಿಂದ ಚಿಲಕ. ಕೆಳಗಿನ ಸಂದಿನಿಂದ ನೀರು ಹರಿದು ಬರುತ್ತಿತ್ತು. "ಮೇಡಮ್! ಮೇಡಮ್!" ಎಂದು ಎರಡೂ ಕೈಯಲ್ಲಿ ಬಡಿದೆ. ಏನೂ ಇಲ್ಲ. ಈಗ ಮ್ಯಾನೇಜರ ಮುಖವೂ ಬೆಳ್ಳಗಾಯಿತು. ಆದರೂ ಅವರು, "ಇರು, ಫ್ಯಾಕ್ಟ್ರಿಗೆ ಫೋನ್ ಮಾಡಿ ಕೇಳ್ತೀನಿ" ಎಂದರು.

ನಾನು ಹೊರಗೆ ಓಡಿದೆ. ಮನೆಯ ಹಿಂದುಗಡೆ, ವೆಂಟಿಲೇಟರ್ ಕೆಳಗೆ ನೀರಿನ ಡ್ರಮ್ ಇತ್ತು. ಹತ್ತಿ ನಿಂತು ಗಾಜಿನ ಪಟ್ಟಿಗಳನ್ನು ಒಂದೊಂದಾಗಿ ಎಳೆದು ಹಾಕಿದೆ. ಅದರ ಹಿಂದೆ ನಾನೇ ಅಂಟಿಸಿದ ರಟ್ಟು. ಗುದ್ದಿದೆ. ಟೇಪು ಬಿಡಲಿಲ್ಲ. ಅಷ್ಟು ಗಟ್ಟಿಯಾಗಿ ಅಂಟಿಸಿದ್ದೆ. ಮೂರನೆಯ ಗುದ್ದಿಗೆ ರಟ್ಟು ಒಳಗೆ ಬಿತ್ತು. ಬಿಸಿ ಹಬೆ ಮುಖಕ್ಕೆ ಹೊಡೆಯಿತು. ಹಬೆಯ ಆಚೆ ನೆಲದ ಮೇಲೆ ಒಂದು ಕೈ ಕಂಡಿತು. ಬೆರಳುಗಳು ನೀರಿನಲ್ಲಿ ತೇಲುತ್ತಿದ್ದ ಹಾಗಿದ್ದವು.

"ಭಾಯ್! ಬಾಗ್ಲು ಒಡೀರಿ ಭಾಯ್!"

ನಾನು ಹಾಗೆ ಕಿರುಚಿದ್ದು ನನಗೆ ನೆನಪಿಲ್ಲ, ಭಾಯ್ ಆಮೇಲೆ ಹೇಳಿದ್ದು. ಅವರು ಒರೆಸುವ ಬಟ್ಟೆ ಎಸೆದು ಓಡಿಬಂದರು. ಎರಡು ಸಲ ಭುಜ ಕೊಟ್ಟರು, ಮೂರನೆಯ ಸಲಕ್ಕೆ ಚಿಲಕ ಕಿತ್ತುಬಂತು. ಒಳಗೆ ಹೋಗುವ ಮೊದಲೇ, "ಅಕ್ಕಾ, ಉಸಿರು ಹಿಡ್ಕೊಳ್ಳಿ! ಇದು ಗ್ಯಾಸ್ ಆಟ!" ಎಂದು ಕೂಗಿ, ನಲ್ಲಿ ತಿರುಗಿಸಿ, ಸಿಲಿಂಡರ್ ಬಂದ್ ಮಾಡಿದರು. ನಾನು ಮಂಚದ ಮೇಲಿದ್ದ ದುಪ್ಪಟಿಯನ್ನು ಆಕೆಯ ಮೇಲೆ ಎಸೆದು ಸುತ್ತಿದೆ. ಇಬ್ಬರೂ ಹೊತ್ತು ಅಂಗಳಕ್ಕೆ ತಂದೆವು. ಮುಖ ಕೆಂಪಗೆ, ಚೆನ್ನಾಗಿಯೇ ಇದ್ದವರ ಹಾಗೆ. ಅದೇ ನನಗೆ ಹೆಚ್ಚು ಭಯ ಹುಟ್ಟಿಸಿದ್ದು. ಮೂಗಿನ ಹತ್ತಿರ ಬೆರಳು ಹಿಡಿದೆ. ಉಸಿರಿತ್ತು, ಆದರೆ ಒಂದಕ್ಕೂ ಇನ್ನೊಂದಕ್ಕೂ ಬಹಳ ದೂರ.

ಮ್ಯಾನೇಜರು ಫೋನು ಕಿವಿಗೆ ಹಿಡಿದೇ ನಿಂತಿದ್ದರು. "ಆಂಬುಲೆನ್ಸ್..." ಎಂದರು.

"ಅದು ಬರೋವರ್ಗೂ ಕಾಯಕ್ಕಾಗಲ್ಲ ಸಾರ್. ಗಾಡಿ ಇದೆಯಲ್ಲ ಇಲ್ಲೇ" ಎಂದ ಭಾಯ್ ಆಗಲೇ ಹಿಂದಿನ ಬಾಗಿಲು ತೆಗೆದಿದ್ದರು.

ನನ್ನ ತೊಡೆಯ ಮೇಲೆ ಆಕೆಯ ತಲೆ. ಕಾರಿನ ಎಲ್ಲಾ ಕಿಟಕಿಗಳನ್ನೂ ಇಳಿಸಿ, ಆ ಚಳಿಯಲ್ಲಿ, ರೈಲ್ವೆ ಗೇಟು ಹಾಕಿರದಿರಲಿ ಎಂದು ಕಂಡ ದೇವರಿಗೆಲ್ಲಾ ಬೇಡಿಕೊಂಡೆ. ಗೇಟು ತೆರೆದಿತ್ತು. ಆಸ್ಪತ್ರೆಯಲ್ಲಿ ಆಕೆಯನ್ನು ಒಳಗೆ ಒಯ್ದು ಆಕ್ಸಿಜನ್ ಹಾಕಿದರು.

ಹೊರಗೆ ಬೆಂಚಿನ ಮೇಲೆ ಕೂತಾಗಲೇ ನನ್ನ ಅಂಗೈಯಿಂದ ರಕ್ತ ಬರುತ್ತಿರುವುದು ಕಂಡದ್ದು. ಗಾಜು ಕೊಯ್ದಿತ್ತು. ಅದನ್ನು ನೋಡುತ್ತಿದ್ದ ಹಾಗೆ ಡಾಕ್ಟರು ಬಂದು, "ಬಾತ್‌ರೂಮಲ್ಲಿ ಗಾಳಿ ಆಡ್ತಿತ್ತಾ? ಕಿಟಕಿ ಏನಾದ್ರೂ ಮುಚ್ಚಿತ್ತಾ?" ಎಂದು ಕೇಳಿದರು. ಗಾಳಿ ಸಾಲದೆ ಗ್ಯಾಸ್ ಉರಿದರೆ ವಿಷದ ಹೊಗೆ ಹುಟ್ಟುತ್ತದೆ, ಅದಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ, ಮನುಷ್ಯ ನಿಂತಲ್ಲೇ ಕುಸಿಯುತ್ತಾನೆ ಎಂದರು. ನಾನು ಅಂಗೈಯನ್ನು ಸೆರಗಿನಲ್ಲಿ ಸುತ್ತಿ ಮುಚ್ಚಿಕೊಂಡೆ.

ಬಚ್ಚಲಿನಲ್ಲಿ ಬಿದ್ದಿದ್ದ ರಟ್ಟು, ಟೇಪು ನೋಡಿ, ಅದು ನನ್ನ ಕೆಲಸವೆಂದು ಊಹಿಸಿಕೊಂಡೇ ಬೈಕಿನಲ್ಲಿ ಬಂದು ಸೇರಿದ್ದ ಮ್ಯಾನೇಜರು ನನ್ನನ್ನು ಪಕ್ಕಕ್ಕೆ ಕರೆದರು. ನಾನು ತುಟಿ ನೋಡಬೇಕಾದಷ್ಟು ಮೆಲ್ಲಗೆ ಹೇಳಿದರು. "ನೋಡಮ್ಮಾ, ನೀನು ಏನೂ ಮಾತಾಡ್ಬೇಡ. ಚಳಿ ಅಂತ ಅವ್ರೇ ಮುಚ್ಕೊಂಡಿದ್ರು ಅಂತ ನಾನ್ ಹೇಳ್ತೀನಿ. ಪೊಲೀಸು ಗಿಲೀಸು ಅಂತ ಆದ್ರೆ ನಿನಗೇ ಕಷ್ಟ. ನಿನ್ ಒಳ್ಳೇದಕ್ಕೇ ಹೇಳ್ತಿರೋದು."

ನಾನು ತಲೆಯಾಡಿಸಿದೆ. ಹೌದು, ಆಡಿಸಿದೆ. ಅದನ್ನು ಮುಚ್ಚಿಟ್ಟು ಬರೆಯುವುದರಲ್ಲಿ ಅರ್ಥವಿಲ್ಲ. ಒಳಗೆ ಇರುವವರಿಗೆ ಎಚ್ಚರವೇ ಬರದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ ಎಂಬ ಯೋಚನೆ ಒಂದು ಕ್ಷಣ ಬಂತು. ಆ ಯೋಚನೆ ಬಂದದ್ದಕ್ಕೆ ನನಗೆ ನನ್ನ ಮೇಲೇ ಅಸಹ್ಯವಾಯಿತು.

ಸ್ವಲ್ಪ ಹೊತ್ತಿಗೆ ಕಾರ್ಖಾನೆಯ ಹಿರಿಯ ಅಧಿಕಾರಿ ಬಂದರು. ಮ್ಯಾನೇಜರು ಶುರು ಮಾಡಿದರು: "ಸಾರ್, ಮೇಡಮ್ಮು ಚಳಿ ಅಂತ ತಾವೇ ರಟ್ಟು ಇಟ್ಕೊಂಡು..."

"ಇಟ್ಟಿದ್ದು ನಾನು ಸಾರ್" ಎಂದೆ. ಧ್ವನಿ ಜೋರಾಗಿಬಿಟ್ಟಿತು. ನರ್ಸು ತಿರುಗಿ ನೋಡಿದಳು. "ಅವ್ರು ಚಳಿ ಅಂತ ತೋರಿಸಿದ್ರು. ನಾನೇ ಟೇಪ್ ಹಾಕಿ ಮುಚ್ಚಿದೆ. ಮುಚ್ಬಾರ್ದು ಅಂತ ನಂಗೆ ಗೊತ್ತಿರ್ಲಿಲ್ಲ."

ಅಧಿಕಾರಿ ನನ್ನ ಕೈ ನೋಡಿದರು, ಮುಖ ನೋಡಿದರು. ಆಮೇಲೆ ಮ್ಯಾನೇಜರ ಕಡೆ ತಿರುಗಿದರು. "ಗೀಸರ್ ಫಿಟ್ ಮಾಡಿದವನು ಹೇಳಿರ್ಲಿಲ್ವೇನ್ರೀ?"

ಮ್ಯಾನೇಜರು ನೆಲ ನೋಡಿದರು. "ಹೇಳಿದ್ದ ಸಾರ್. ಒಳಗೆ ಹಾಕೋದೇ ತಪ್ಪು, ಗಾಳಿ ಕಿಂಡಿ ಮಾತ್ರ ಮುಚ್ಲೇಬೇಡಿ ಅಂದಿದ್ದ. ಒಂದೆರಡು ದಿನದ ಮಾತು ಅಂತ... ಯಾರಿಗೂ ಹೇಳಿರ್ಲಿಲ್ಲ."

ಅಂದರೆ ಆ ಗೀಸರಿನ ಅಪಾಯ ಅವರಿಗೆ ಗೊತ್ತಿತ್ತು. ಬೆಳಿಗ್ಗೆ ನಾನು ಕೀ ಕೇಳಿದಾಗಲೂ ಗೊತ್ತಿತ್ತು. ಕೂಗಾಡಬೇಕು ಎನಿಸಿತು. ಆದರೆ ರಟ್ಟು ಕತ್ತರಿಸಿದ ಕೈ ನನ್ನದೇ.

ಪೊಲೀಸರು ಬಂದು ಹೇಳಿಕೆ ಬರೆದುಕೊಂಡರು. ಮನೆಯಲ್ಲಿ ನನ್ನ ಗಂಡ ಮಗ್ಗ ನಿಲ್ಲಿಸಿ ಎಲ್ಲಾ ಕೇಳಿದರು. "ನಾಳೆಯಿಂದ ಆ ಕಡೆ ಹೋಗ್ಬೇಡ" ಎಂದರು. ನಾನು ಮರುದಿನ ಬೆಳಿಗ್ಗೆಯೇ ಆಸ್ಪತ್ರೆಗೆ ಹೋದೆ. ಆಕೆ ಇನ್ನೂ ಕಣ್ಣು ಬಿಟ್ಟಿರಲಿಲ್ಲ. ಕಣ್ಣು ಬಿಟ್ಟರೂ ನೆನಪು, ಮಾತು ಹೇಗಿರುತ್ತದೋ ನೋಡಬೇಕು ಎಂದಿದ್ದರು ಡಾಕ್ಟರು. ಜೊತೆಗಾರರಿಬ್ಬರೂ ಬೆಂಚಿನ ಮೇಲೆ ಕೂತಿದ್ದರು. ಅವರ ಪಕ್ಕ ನಾನು. ಅವರಿಗೂ ವಿಷಯ ತಿಳಿದಿತ್ತು, ನನ್ನ ಮುಖ ನೋಡಲಿಲ್ಲ. ಆ ದಿನ ಹೇಗೆ ಕಳೆಯಿತೋ.

ಮೂರನೆಯ ದಿನ ಮಧ್ಯಾಹ್ನ ಆಕೆ ಏನೋ ಗೊಣಗಿದರು. ಜೊತೆಗಾರರಲ್ಲಿ ಒಬ್ಬನಿಗೆ ಅದು ತಿಳಿಯಲೇ ಇಲ್ಲ. ಅವನು ಚೀನಾದ ಉತ್ತರದ ಕಡೆಯವನಂತೆ, ಆಕೆಯ ಮನೆಮಾತು ಬಾರದು. ಇನ್ನೊಬ್ಬ ಬಾಗಿ ಕಿವಿಯಿಟ್ಟು ಕೇಳಿದ. ನೆಟ್ಟಗೆ ನಿಂತ. ಫೋನಿಗೆ ಏನೋ ಹೇಳಿದ. ಫೋನು ಕನ್ನಡದಲ್ಲಿ ಓದಿತು: "ನಾಲ್ಕನೇ ಯಂತ್ರದ ಸೂಜಿ ಬದಲಾಯಿಸಲಾಗಿದೆಯೇ ಎಂದು ಕೇಳುತ್ತಿದ್ದಾರೆ." ಡಾಕ್ಟರು ಗಟ್ಟಿಯಾಗಿ ನಕ್ಕುಬಿಟ್ಟರು. ನಾನು ಗೋಡೆಗೆ ತಿರುಗಿ ಅತ್ತೆ.

ಆಕೆಗೆ ನಾನೇ ಹೇಳಬೇಕಿತ್ತು. ಮರುದಿನ ಆಕೆ ದಿಂಬಿಗೆ ಒರಗಿ ಕೂತಿದ್ದಾಗ ಫೋನು ಹಿಡಿದು, ಒಂದೊಂದೇ ವಾಕ್ಯ ನಿಧಾನಕ್ಕೆ ಹೇಳಿದೆ. ಕಿಂಡಿ, ರಟ್ಟು, ಟೇಪು, ವಿಷದ ಹೊಗೆ. ಅದು ಆಕೆಯ ಭಾಷೆಯಲ್ಲಿ ಓದುತ್ತಾ ಹೋಯಿತು. ಆಕೆ ನನ್ನನ್ನೇ ನೋಡುತ್ತಿದ್ದರು. ಮುಗಿದ ಮೇಲೆ ನನ್ನ ಕೈಯಿಂದ ಫೋನು ತೆಗೆದುಕೊಂಡರು.

"ನಾನು ಮುಚ್ಚಲು ಹೇಳಿದೆ. ನೀನು ಮುಚ್ಚಿದೆ. ಯಂತ್ರದ ಕೆಲಸ ಮಾಡುವ ನನಗೆ ತಿಳಿದಿರಬೇಕಿತ್ತು. ನನಗೆ ಕೋಪ ಇದೆ. ನನ್ನ ಮೇಲೆ. ನಿನ್ನ ಮೇಲೆ ಸಹ. ಈಗ ಹೋಗು."

ಹೋದೆ. ಕ್ಷಮಿಸಿದೆ ಎಂಬ ಮಾತನ್ನು ಆಕೆ ಆಗಲೂ ಹೇಳಲಿಲ್ಲ, ಆಮೇಲೂ ಹೇಳಲಿಲ್ಲ.

ಐದನೆಯ ದಿನ ಮನೆಗೆ ವಾಪಸ್ಸು ಬಂದರು. ಅಷ್ಟರಲ್ಲಿ ಆ ಗೀಸರ್ ಕಿತ್ತು ಕರೆಂಟಿನದು ಹಾಕಿಸಿದ್ದರು. ಮ್ಯಾನೇಜರನ್ನು ಬೇರೆ ಕಡೆಗೆ ಕಳಿಸಿದ್ದರು. ನನ್ನನ್ನು ತೆಗೆಯಲಿಲ್ಲ, ಯಾಕೆ ಎಂದು ನಾನೂ ಕೇಳಲಿಲ್ಲ. ಮೂರು ದಿನ ಆಕೆ ಅಡುಗೆಮನೆಯ ಕಡೆ ಬರಲೇ ಇಲ್ಲ. ಆಕೆಯ ಮನೆಮಾತು ಬಲ್ಲ ಜೊತೆಗಾರನೇ ಗಂಜಿ ಮಾಡಿ ಕೋಣೆಗೆ ಒಯ್ಯುತ್ತಿದ್ದ. ನಾನು ಒಲೆಯ ಪಕ್ಕ ಸರಿದು ಅವನಿಗೆ ಜಾಗ ಬಿಡುತ್ತಿದ್ದೆ. ಅಷ್ಟು ಇಕ್ಕಟ್ಟಿನ ಮೂರು ದಿನಗಳನ್ನು ನಾನು ಕಂಡಿಲ್ಲ. ಕೆಲಸ ಬಿಡುತ್ತೇನೆಂದು ಅಧಿಕಾರಿಗೆ ಹೇಳಲು ಎರಡು ಸಲ ಹೊರಟು ಎರಡು ಸಲವೂ ಗೇಟಿನಿಂದ ಹಿಂದಿರುಗಿದೆ.

ನಾಲ್ಕನೆಯ ಬೆಳಿಗ್ಗೆ ಆಕೆ ಬಂದರು. ಇನ್ನೂ ಬಡಕಲಾಗಿದ್ದರು. ನನ್ನ ಕಡೆ ನೋಡದೆ ನೇರ ಹೋಗಿ ಅಡುಗೆಮನೆಯ ಕಿಟಕಿಯ ಎರಡೂ ಬಾಗಿಲು ತೆರೆದರು. ಹಿಂಬಾಗಿಲನ್ನೂ ತೆರೆದು, ಅದು ಮುಚ್ಚಿಕೊಳ್ಳದ ಹಾಗೆ ಒರಳುಕಲ್ಲಿನ ಗುಂಡು ಉರುಳಿಸಿ ಇಟ್ಟರು. ಆಮೇಲೆ ಸ್ಟೂಲಿನ ಮೇಲೆ ಕೂತು, "ಅಕ್ಕ, ಚೆಂಗ್ ಫನ್" ಎಂದರು.

ಅಕ್ಕಿ ನೆನೆಸಿರಲಿಲ್ಲ. ಅಂಗಡಿಯ ಅಕ್ಕಿ ಹಿಟ್ಟನ್ನೇ ಕಲಸಿದೆ. ಕೊಯ್ದ ಅಂಗೈ ಇನ್ನೂ ಪೂರ್ತಿ ಮಾಗಿರಲಿಲ್ಲ. ಮೊದಲ ಹಾಳೆ ಮೂರು ಕಡೆ ಹರಿಯಿತು. ಅದನ್ನು ಪಕ್ಕಕ್ಕೆ ತಳ್ಳಹೊರಟರೆ ಆಕೆ ತಟ್ಟೆ ಚಾಚಿದರು. ಹರಿದದ್ದನ್ನೇ ಸಾಸ್ ಸುರಿದುಕೊಂಡು ತಿಂದರು. ಎರಡನೆಯದು ಸರಿಯಾಗಿ ಬಂತು. ಅದನ್ನು ಅರ್ಧ ಕತ್ತರಿಸಿ ನನ್ನ ಕಡೆ ದೂಡಿದರು. ಅಷ್ಟು ದಿನ ಮಾಡಿಕೊಟ್ಟಿದ್ದೆನೇ ಹೊರತು ಆಕೆಯ ಜೊತೆ ಕೂತು ತಿಂದದ್ದು ಅದೇ ಮೊದಲು. ಚಳಿಗಾಳಿ ಎರಡೂ ಕಡೆಯಿಂದ ನುಗ್ಗುತ್ತಿತ್ತು. ಇಬ್ಬರೂ ನಡುಗುತ್ತಲೇ ತಿಂದೆವು.

ಶಿವರಾತ್ರಿಗೆ ಮೊದಲು ಅವರ ಕೆಲಸ ಮುಗಿಯಿತು. ಹೊರಡುವ ದಿನ ಆಕೆ ಕಾರು ಹತ್ತುವಾಗ ನನ್ನ ಭುಜವನ್ನು ಒಂದು ಸಲ ಗಟ್ಟಿಯಾಗಿ ಹಿಡಿದು ಬಿಟ್ಟರು. ಅದರ ಅರ್ಥವನ್ನು ಕೇಳಲು ಫೋನು ತೆಗೆಯಲಿಲ್ಲ.

ಈಗ ನಾನು ಆ ಕೆಲಸ ಬಿಟ್ಟು ಮನೆಯಲ್ಲೇ ಇದ್ದೇನೆ. ಭಾನುವಾರ ಒಮ್ಮೊಮ್ಮೆ ಈ ತಿಂಡಿ ಮಾಡುತ್ತೇನೆ. ನಮ್ಮತ್ತೆಗೆ ಸೋಯಾ ಸಾಸ್ ಆಗುವುದಿಲ್ಲ, ಹುರಿಗಡಲೆ ಚಟ್ನಿ ಬೇಕು. ಗಂಡನಿಗೆ ಬೆಳ್ಳುಳ್ಳಿ ಖಾರ. ಅವರಿಗೆಲ್ಲಾ ಅದು ಹೊಸ ರೀತಿಯ ಹಸಿ ಹಪ್ಪಳ, ಅಷ್ಟೆ. ನನ್ನದು ಒಂದೇ ತಾಪತ್ರಯ. ಮನೆಯಲ್ಲಿ ಯಾರು ಸ್ನಾನಕ್ಕೆ ಹೋದರೂ ಒಲೆ ಸಣ್ಣ ಮಾಡಿ ಗಡಿಯಾರ ನೋಡುತ್ತೇನೆ. ಸ್ವಲ್ಪ ತಡವಾದರೆ ಹೋಗಿ ಬಾಗಿಲು ಬಡಿಯುತ್ತೇನೆ. "ಇನ್ನೂ ಸೋಪೇ ಹಚ್ಚಿಲ್ಲ, ಏನೇ ನಿಂದು!" ಎಂದು ಒಳಗಿಂದ ಗಂಡ ಬೈಯುತ್ತಾರೆ. ಬೈಗುಳ ಕೇಳಿಸಿದ ಮೇಲೆ ನಾನು ಅಡುಗೆಮನೆಗೆ ಮರಳುತ್ತೇನೆ.